ಫರೀನ್ ನೋಡಿಬಂದ ಕಾಲೇಜು

ಸಂಗೊಳ್ಳಿಯ ಫರೀನ್ ನೀಟ್ ಪಾಸಾದ ವಾರವೇ ಮನೆಗೊಂದು ಬಣ್ಣದ ಪುಸ್ತಿಕೆ ಬಂತು. ಒಂದು ಗಂಟೆಯ ಹಾದಿಯಲ್ಲಿ ಹೊಸದಾಗಿ ಎದ್ದಿದ್ದ ಖಾಸಗಿ ಮೆಡಿಕಲ್ ಕಾಲೇಜಿನದು. ಕಾಲೇಜಿನ ಹೆಸರು ಬೇಡ. ಅವರಲ್ಲಿ ವೈದ್ಯರಿಗಿಂತ ವಕೀಲರು ಹೆಚ್ಚು. ಮುಖಪುಟದಲ್ಲಿ ಐವರು ವಿದ್ಯಾರ್ಥಿಗಳು ಒಂದೇ ಸ್ಟೆತಸ್ಕೋಪ್ ನೋಡಿ ಹಲ್ಲು ಕಿರಿದಿದ್ದರು.

ಫರೀನಳ ಅಪ್ಪ ಅಲ್ಲಾಸಾಬ, ಹತ್ತಿರದ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಲಾರಿಯಲ್ಲಿ ಕಬ್ಬು ಸಾಗಿಸುವವನು. ಹಳೇ ಲಾರಿ ಕೊಂಡು ಎರಡು ಸಲ ಮೋಸ ಹೋಗಿದ್ದ.

"ಬಣ್ಣ ನೋಡಿ ಹೂಂ ಅನಬ್ಯಾಡ. ಬಾನೆಟ್ ಎತ್ತಿ ನೋಡೂಣು, ನಡಿ," ಎಂದವನೇ ತಮ್ಮನ ಟಂಟಂ ಆಟೋ ಇಸಿದುಕೊಂಡು, ಯಾರಿಗೂ ಸುಳಿವು ಕೊಡದೆ ಮಂಗಳವಾರ ಮಗಳೊಡನೆ ಹೊರಟ.

ಆಸ್ಪತ್ರೆ ಕಂಡು ಫರೀನ್ ಹಿಗ್ಗಿದಳು. ವಾರ್ಡು ಭರ್ತಿ. ಆದರೆ ಹನ್ನೊಂದನೇ ಹಾಸಿಗೆಯಲ್ಲಿ ಅವರ ಓಣಿಯ ರಾಚವ್ವ ಮಲಗಿದ್ದಳು. ಬೆಳಿಗ್ಗೆ ತಾನೇ ಮನೆ ಮುಂದೆ "ಮೊಸರs" ಎಂದು ಊರೆಲ್ಲ ಕೇಳುವಂತೆ ಕೂಗಿ ಹೋದವಳು.

"ಏನಾತು ಬೇ ನಿನಗ?" ಫರೀನ್ ಗಾಬರಿಯಾದಳು.

"ನನಗ ಹಾರ್ಟಂತ," ಎಂದಳು ರಾಚವ್ವ. "ಚೀಟಿ ಬರದಾರ. ಬಾಜೂಕಿನ ಭೀಮಶಿಗೆ ಕಿಡ್ನಿ ಕೊಟ್ಟಾರ. ನನಗೂ ಕಿಡ್ನಿನs ಕೊಡ್ರಿ ಅಂದ್ನಿ. ಖಾಲಿ ಆಗ್ಯಾವ ಅಂದ್ರು."

ಪಕ್ಕದ ಹಾಸಿಗೆಯ ಭೀಮಶಿ, ಕಟಕೋಳದ ರೈತ, ಮುಸುಕಿನೊಳಗೇ ನಕ್ಕ. ಕಾಲೇಜಿನ ಮಾನ್ಯತೆಗಾಗಿ ದಿಲ್ಲಿಯಿಂದ ತಪಾಸಣೆಯವರು ಬರುವವರಿದ್ದರು. ಹಾಸಿಗೆ ತುಂಬಿರಬೇಕೆಂದು ಎರಡು ತಾಲೂಕಿನಿಂದ ಜನರನ್ನು ದಿನಗೂಲಿಗೆ ತಂದು ಮಲಗಿಸಿದ್ದರು.

ಅಷ್ಟರಲ್ಲಿ ಬಿಳಿ ಕೋಟಿನ ಪ್ರೊಫೆಸರರೊಬ್ಬರು ಬಂದು, ಟಾಯ್ಲೆಟ್ ಯಾವ ಕಡೆ ಎಂದು ಅಲ್ಲಾಸಾಬನನ್ನೇ ಕೇಳಿದರು.

"ನೀವು ಇಲ್ಲಿಯವರs ಅಲ್ಲೇನ್ರಿ?"

"ನಾನೂ ಇವತ್ತೇ ಬಂದಿದ್ದು," ಎಂದು ಅವರು ಅವಸರದಲ್ಲಿ ನಡೆದರು.

ಹಿಂದೆಯೇ ಶಿವಾನಿ ಎಂಬ ಎರಡನೇ ವರ್ಷದ ವಿದ್ಯಾರ್ಥಿನಿ ಬಿಪಿ ಯಂತ್ರ ಹಿಡಿದು ಬಂದಳು. ತಪಾಸಣೆಯವರ ಮುಂದೆ ಕೈ ನಡುಗಬಾರದೆಂದು ಅವಳ ತಾಲೀಮು. ರಾಚವ್ವನ ತೋಳಿಗೆ ಪಟ್ಟಿ ಸುತ್ತಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಮೂರನೆಯ ಸಲಕ್ಕೆ ಅವಳ ಮುಖ ಬಿಳಚಿಕೊಂಡಿತು.

"ಇನ್ನೂರಾ ಹತ್ತು ಐತಿ! ಅಜ್ಜಿ, ತಲಿ ನೋಯತೈತೇನು?"

"ತಿಂಗಳಾತು, ಸಿಡೀತೈತಿ. ಆದ್ರ ತಲಿ ಬ್ಯಾರೆಯಾಕಿಗೆ ಕೊಟ್ಟಾರ, ನಾ ಹೇಳಬಾರದಂತ."

ಶಿವಾನಿ ಓಡಿಹೋಗಿ ಪ್ರೊಫೆಸರರನ್ನು ಹಿಡಿದಳು. ತಪಾಸಣೆ ಮುಗಿಯಲಿ, ಆಮೇಲೆ ನೋಡೋಣ ಎಂದರಂತೆ. ಕಣ್ಣು ತುಂಬಿಕೊಂಡು ಬಂದ ಅವಳನ್ನು ಫರೀನ್ ಮೆಲ್ಲಗೆ ಕೇಳಿದಳು: "ಅಕ್ಕಾ, ನಾ ಇಲ್ಲಿ ಸೇರಬಹುದೇನ್ರಿ?"

ಶಿವಾನಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಪುಸ್ತಕ ಎಲ್ಲಾ ಕಡೆ ಅವs ಇರತಾವ. ಆದ್ರ ಎರಡು ವರ್ಷದಾಗ ನನಗ ಸಿಕ್ಕ ಮೊದಲನೇ ಖರೇ ಪೇಶಂಟ್ ಈ ಅಜ್ಜಿ."

ಅಲ್ಲಾಸಾಬ ಮುಂದಿನ ಮಾತಿಗೆ ಕಾಯದೆ ರಾಚವ್ವನನ್ನು ಎಬ್ಬಿಸಿದ. ಮೇಲ್ವಿಚಾರಕ ಅಡ್ಡ ಬಂದ.

"ಹಾಸಿಗಿ ಖಾಲಿ ಆಗತೈತಲ್ಲೋ ಮಾರಾಯಾ!"

"ನೀ ಮಲ್ಕೋ," ಎಂದ ಅಲ್ಲಾಸಾಬ. "ಹಾರ್ಟ್ ನಿನಗs ಬಿಟ್ಟೇವಿ."

ಟಂಟಂ ನೇರ ಸರ್ಕಾರಿ ಆಸ್ಪತ್ರೆಗೆ ಹೋಯಿತು. ಅಲ್ಲಿ ಎರಡು ತಾಸು ಪಾಳಿಯಲ್ಲಿ ಕಾದರು. ಡಾಕ್ಟರು ರಾಚವ್ವನನ್ನು ಮನಸಾರೆ ಬೈದು, ಗುಳಿಗೆ ನುಂಗಿಸಿ, ಎರಡು ದಿನ ಇಟ್ಟುಕೊಂಡರು. ಒಂದೆರಡು ದಿನ ತಡವಾಗಿದ್ದರೆ ಲಕ್ವ ಹೊಡೆದು ಬಾಯಿ ಸೊಟ್ಟಾಗುತ್ತಿತ್ತು ಎಂದರು. ರಾಚವ್ವ ಆಗಷ್ಟೇ ಹೆದರಿದಳು. ಮೊಸರು ಕೂಗುವುದು ಹೇಗೆಂದು.

ಫರೀನ್ ಸೀಟಿಗಾಗಿ ಕೊಡುವ ಕಾಲೇಜುಗಳ ಪಟ್ಟಿಯಲ್ಲಿ ದೂರದ ಸರ್ಕಾರಿ ಕಾಲೇಜನ್ನು ಮೊದಲು ಬರೆದಳು. ರೈಲಿನಲ್ಲಿ ಒಂದು ರಾತ್ರಿಯ ದಾರಿ. ತಾಯಿ ಮೆಹರುನಬಿ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಉಪ್ಪಿನಕಾಯಿ ಕಟ್ಟತೊಡಗಿದಳು.

ಸೀಟು ಸಿಕ್ಕಿತು. ಆದರೂ ಸೇರುವ ಮುನ್ನ ಅಪ್ಪ–ಮಗಳು ಅದನ್ನೂ ನೋಡಲು ಹೋದರು. ಗೋಡೆಯ ಸುಣ್ಣ ಉದುರಿತ್ತು, ಫ್ಯಾನು ನಿಂತಿತ್ತು, ನೆಲದ ಮೇಲೂ ರೋಗಿಗಳಿದ್ದರು. ಕಾರಿಡಾರಿನಲ್ಲಿ ಮುದುಕನೊಬ್ಬ ಇವಳನ್ನೇ ಡಾಕ್ಟರೆಂದುಕೊಂಡು ಎಕ್ಸ್‌ರೇ ಹಾಳೆ ಕೈಗಿಟ್ಟ. ಫರೀನ್ ಅದನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ನೋಡಿದಳು.

"ಉಲ್ಟಾ ಹಿಡದೀ ಯವ್ವಾ," ಎಂದು ಮುದುಕ ತಾನೇ ತಿರುಗಿಸಿಕೊಟ್ಟ.

ಫರೀನ್ ನಾಚಿ ನಕ್ಕಳು. ಆಮೇಲೆ ಅವನನ್ನು ಡಾಕ್ಟರ ಕೋಣೆಯವರೆಗೆ ಕರೆದೊಯ್ದು ಬಿಟ್ಟು, ಅಡ್ಮಿಷನ್ ಆಫೀಸು ಎಲ್ಲಿ ಎಂದು ಕೇಳಿಕೊಂಡು ಹೊರಟಳು.