ಹದಿನೇಳನೇ ನಂಬರಿನ ಮನೆ

ಬೆಳಿಗ್ಗೆಯಿಂದ ಒಂದೇ ಕೇರಿಯ ಹನ್ನೊಂದು ಜನ ಫೋನ್ ಮಾಡಿ ಬೈದಿದ್ದರು. "ಶಶಿ, ನಿನ್ನ ನೆಟ್ಟು ಸತ್ತೋಗೈತಾ?" ಸಂಜೆಯೊಳಗೆ ಸರಿಮಾಡದಿದ್ದರೆ ಬೇರೆಯವರ ಲೈನ್ ಎಳೆಸುತ್ತೇವೆ ಅಂದವರೂ ಇದ್ದರು.

ರಾವಂದೂರಿನ ನನ್ನ ಕೇಬಲ್ ರೂಮಿನಲ್ಲಿ ಸರ್ವರ್ ಮುಂದೆ ಕೂತು, ಯಾವ ಮನೆ ಎಷ್ಟು ಡೇಟಾ ಉಪಯೋಗಿಸುತ್ತಿದೆ ಎಂಬ ಪಟ್ಟಿ ತೆರೆದೆ. ಒಂದೊಂದು ಮನೆಗೆ ಒಂದೊಂದು ನಂಬರು. ಎಲ್ಲ ಮನೆಗಳೂ ಧಾರಾವಾಹಿ, ರೀಲ್ಸ್ ಅಂತ ಒಳಗೆ ಎಳೆದುಕೊಳ್ಳುತ್ತಿದ್ದವು. ಹದಿನೇಳನೇ ನಂಬರು ಮಾತ್ರ ಹೊರಗೆ ಕಳಿಸುತ್ತಿತ್ತು. ಮೂರು ದಿನದಿಂದ, ಒಂದು ನಿಮಿಷವೂ ಬಿಡದೆ. ಆ ಕೇರಿಗೆ ಹೋಗುವ ಲೈನೇ ಸಣ್ಣದು. ಅದನ್ನೆಲ್ಲ ಈ ಒಂದು ಮನೆ ನುಂಗಿ ಕೂತಿತ್ತು.

ಹದಿನೇಳು ಅಂದರೆ ಪುಟ್ಟಮಾದಮ್ಮ, ನನ್ನ ಸೋದರತ್ತೆ. ಸ್ಕೂಲು ಬಿಟ್ಟೆನೆಂದು ಅಪ್ಪ ಮನೆಯಿಂದ ಅಟ್ಟಿದಾಗ ಎರಡು ವರ್ಷ ಅನ್ನ ಹಾಕಿದವಳು. ಲೈನ್ ಕಟ್ ಮಾಡಲು ಬೆರಳಿಟ್ಟವನು ತೆಗೆದೆ. ಬೈಯುವುದಾದರೆ ಎದುರಿಗೇ ಬೈಯೋಣ ಎಂದು ಬೈಕ್ ಹತ್ತಿ ಅವಳ ಊರಿಗೆ ಹೋದೆ.

ಅತ್ತೆ ಹಿತ್ತಲಲ್ಲಿ, ಸೊಪ್ಪು ಬಿಸಿಗೆ ಒಣಗಿಸುವ ಬ್ಯಾರನ್ ಮನೆಯ ಹತ್ತಿರ ಇದ್ದಳು. ಒಳಗೆ ಹೊಗೆಸೊಪ್ಪು ಬೇಯುತ್ತಿತ್ತು. ಥರ್ಮಾಮೀಟರಿನ ಎದುರಿಗೆ ಒಂದು ಫೋನು, ಎಲೆ ಕಾಣುವ ಗಾಜಿನ ಕಿಂಡಿಗೆ ಒಂದು, ಒಲೆಯ ಪಕ್ಕ ಇಟ್ಟಿಗೆ ಮೇಲೆ ಒಂದು. ಮೂರನ್ನೂ ಸೇರಿಸಿ ಒಂದೇ ವಿಡಿಯೋ ಕಾಲ್. ಎರಡು ಫೋನು ಪಕ್ಕದ ಮನೆ ಸಾಕಮ್ಮನವು.

"ಇದೇನತ್ತೆ, ಸಿನಿಮಾ ತೆಗೀತಿದ್ದೀಯಾ?"

"ಕಿರುಚ್ಬ್ಯಾಡ ಕಣೋ, ನಿಮ್ಮಾವಂಗೆ ಕೇಳಿಸ್ತದೆ."

ಕೇಳಿಸಿಯೇ ಬಿಟ್ಟಿತ್ತು. ಸಿದ್ದಮಲ್ಲಪ್ಪ ಮಾವ ಕಾಲು ಮುರಿದುಕೊಂಡು ಕೋಟೆ ಊರಿನಲ್ಲಿರುವ ಮಗಳು ಹೇಮಶ್ರೀಯ ಮನೆಯಲ್ಲಿ ಮಲಗಿದ್ದರು. ಮೂರು ಫೋನಿನಿಂದಲೂ ಒಟ್ಟಿಗೆ ಕೂಗಿದರು: "ಶಶೀನಾ? ನೋಡ್ಲಾ, ಸೌದೆ ಜಾಸ್ತಿ ಆಕ್ಬುಟ್ಟವಳೆ!"

ಬಿಸಿ ಒಂಚೂರು ಮೀರಿದರೂ ಹಳದಿ ಎಲೆ ಕಪ್ಪಾಗಿ ಬ್ಯಾರನ್ನಿನಷ್ಟೂ ಸೊಪ್ಪು ಹಾಳು. ಮೂವತ್ತು ವರ್ಷ ಹದ ನೋಡಿದವರು ಮಾವ. ಅತ್ತೆಯದೇನಿದ್ದರೂ ಅವರು ಹೇಳಿದಷ್ಟು ಸೌದೆ ಹಾಕುವ ಕೆಲಸ.

"ಕೇರಿಗೆಲ್ಲ ನೆಟ್ಟಿಲ್ಲ ಕಣತ್ತೆ! ಒಂದು ಫೋನ್ ಇಟ್ಕೊ. ಎರಡು ಈಗ್ಲೇ ಆಫ್ ಮಾಡು. ಇಲ್ದಿದ್ರೆ ಲೈನೇ ಕಟ್. ಆಮೇಲೆ ಅತ್ತೆನೂ ಇಲ್ಲ, ಮಾವನೂ ಇಲ್ಲ."

ಅತ್ತೆ ಎಲೆಯ ಕಡೆಯ ಫೋನು ಆರಿಸಿದಳು. "ಬಣ್ಣ ನಂಗೂ ಗೊತ್ತಾಯ್ತದೆ. ಡಿಗ್ರಿದು ಇರ್ಲಿ."

"ಬ್ಯಾಡ," ಅಂದರು ಮಾವ. "ಡಿಗ್ರಿ ನೀನೇ ಓದಿ ಕೂಗು. ಒಲೆದು ಇರ್ಲಿ."

"ಬೆಂಕಿ ನೋಡ್ಕೊಂಡು ಏನ್ ಮಾಡ್ತೀರಿ? ಸೌದೆ ಆಕೋಕೂ ನನ್ಮೇಲೆ ನಂಬ್ಕೆ ಇಲ್ವಾ?"

"ಐತೆ ಕಣಮ್ಮಿ. ಒಲೆದು ಇರ್ಲಿ ಬುಡು."

ಇಟ್ಟಿಗೆ ಮೇಲಿನ ಫೋನು ಮಾವನಿಗೆ ಏನು ತೋರಿಸುತ್ತಿದೆ ಎಂದು ನಾನು ಬಗ್ಗಿ ನೋಡಿದೆ. ಒಲೆಯ ಬಾಯಿ ಒಂದು ಮೂಲೆಯಲ್ಲಿ ಅಷ್ಟೋ ಇಷ್ಟೋ ಕಾಣುತ್ತಿತ್ತು. ಉಳಿದದ್ದೆಲ್ಲ ಅತ್ತೆ ಕೂರುವ ಸೌದೆ ರಾಶಿ. ತಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು ಥರ್ಮಾಮೀಟರಿನ ಫೋನು ನಾನೇ ಆರಿಸಿದೆ. ರಾವಂದೂರು ಮುಟ್ಟುವಷ್ಟರಲ್ಲಿ ಕೇರಿಯ ನೆಟ್ಟು ಬಂದಿತ್ತು.

ಮುಂದಿನ ಮೂರು ದಿನ ಅತ್ತೆಯೇ ಡಿಗ್ರಿ ಓದಿ ಕೂಗಿದಳು, ಅತ್ತೆಯೇ ಬಣ್ಣ ನೋಡಿದಳು. ಬ್ಯಾರನ್ ಬಾಗಿಲು ತೆಗೆದಾಗ ಎಲೆ ನಿಂಬೆಹಣ್ಣಿನ ಬಣ್ಣ. ಆದರೆ ಮಾರನೆಯ ದಿನವೂ ಸರ್ವರಿನ ಪಟ್ಟಿಯಲ್ಲಿ ಹದಿನೇಳನೇ ನಂಬರು ಕಳಿಸುತ್ತಲೇ ಇತ್ತು. ಫೋನ್ ಮಾಡಿದೆ.

"ಅತ್ತೆ, ಒಲೆ ಆರ್ತಲ್ಲ, ಇನ್ನೂ ಯಾಕೆ ವಿಡಿಯೋ ಕಾಲು?"

"ಏನ್ ಮಾಡ್ಲೋ, ಈ ಮನುಸ್ಯ ಬುಡ್ತಾ ಇಲ್ಲ. ಬೂದಿ ತೆಗಿಯೋದೂ ನೋಡ್ಬೇಕಂತೆ!"