ಅರ್ಧ ಸಾಲು ಹಿಂದೆ

ಚರ್ಚಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಎಲ್ಲರಿಗೂ ಅವನು ಸೌಂಡಣ್ಣ. ದೊಡ್ಡ ದೊಡ್ಡ ಸಂಗೀತ ಕಾರ್ಯಕ್ರಮಗಳಿಗೆ ಧ್ವನಿ ಹೊಂದಿಸುವುದು ಅವನ ಕಸುಬು. ಭಾನುವಾರ ಅದೇ ಕೆಲಸವನ್ನು ಚರ್ಚಿನಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದ. ಅವನು ಕೈ ಹಾಕುವ ಮೊದಲು ಅಲ್ಲಿದ್ದದ್ದು ಒಂದು ಹಳೇ ಪಿಯಾನೊ, ಮಾತಿಗೊಮ್ಮೆ ಕುಂಯ್ಗುಡುವ ಒಂದು ಮೈಕು. ಮೂರು ವರ್ಷದಲ್ಲಿ ನಾಲ್ಕು ಆಳೆತ್ತರದ ಸ್ಪೀಕರ್ ಬಂದವು, ಡ್ರಮ್ಸ್ ಬಂತು, ಹಾಡಿನ ಸಾಲು ತೋರಿಸುವ ಪರದೆ ಬಂತು. ಹಾಡು ಶುರುವಾದರೆ ಬೆಂಚುಗಳ ಮೇಲೆ ಕತ್ತಲೆ, ವೇದಿಕೆಯ ಮೇಲೆ ನೀಲಿ ಬೆಳಕು. ‘ಕಾನ್ಸರ್ಟಿಗೆ ಬಂದ ಹಾಗಾಯ್ತಪ್ಪ’ ಎಂದು ಯಾರಾದರೂ ಅಂದರೆ ಸೌಂಡಣ್ಣ ಆ ದಿನವೆಲ್ಲಾ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅವನಿಗೆ ತಲೆನೋವಾಗಿದ್ದದ್ದು ಒಂದೇ ಒಂದು ಸ್ವರ, ಅದು ಅವನ ಅತ್ತೆಯದು.

ಅತ್ತೆ, ಅಂದರೆ ಹೆಂಡತಿಯ ತಾಯಿ, ಗಂಡ ತೀರಿಕೊಂಡ ಮೇಲೆ ಇವರ ಜೊತೆಯಲ್ಲೇ ಇದ್ದರು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಚರ್ಚಿನಲ್ಲಿ ಎರಡನೇ ಬೆಂಚು ಅವರದು. ಗಂಟಲು ಒಡಕು, ಆದರೂ ಬಾಯಿ ತುಂಬ ಹಾಡುವರು, ಅದೂ ಎಲ್ಲರಿಗಿಂತ ಅರ್ಧ ಸಾಲು ಹಿಂದೆ. ಸಭೆಯೆಲ್ಲ ಹಾಡಿ ಉಸಿರು ತೆಗೆದುಕೊಳ್ಳುವಾಗ ಅತ್ತೆಯ ದನಿಯೊಂದೇ ಬಾಲದ ಹಾಗೆ ಎಳೆದುಕೊಂಡು ಬರುತ್ತಿತ್ತು. ಆರಾಧನೆಯನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸಲು ಶುರುಮಾಡಿದ ಮೇಲಂತೂ ಆ ಬಾಲ ಊರಿಗೆಲ್ಲ ಕೇಳಿಸತೊಡಗಿತು.

ಒಂದು ಶನಿವಾರ ಹಾಡುಗಾರರ ಅಭ್ಯಾಸ ನಡೆದಿತ್ತು. ವೇದಿಕೆಗೆಂದು ತಾವೇ ಹೊಲಿದ ಪರದೆಯನ್ನು ಕೊಡಲು ಅತ್ತೆ ಬಂದಿದ್ದರು. ಸೌಂಡಣ್ಣ ಎಲ್ಲರೆದುರಿಗೆ ನಗುತ್ತಾ ಅಂದುಬಿಟ್ಟ:

"ಅತ್ತೆ, ನಾಳೆಯಿಂದ ನೀವು ಸುಮ್ನೆ ಬಾಯಿ ಆಡಿಸಿದ್ರೆ ಸಾಕು. ದೇವರಿಗೆ ತುಟಿ ಓದೋಕೆ ಬರುತ್ತೆ."

ಹಾಡುಗಾರರೆಲ್ಲ ಗೊಳ್ಳೆಂದು ನಕ್ಕರು. ಅತ್ತೆಯೂ ಕೈಯಲ್ಲಿದ್ದ ಪರದೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಾರನೆಯ ದಿನ ಅವರು ಕಡೇ ಬೆಂಚಿನಲ್ಲಿ, ಬಾಗಿಲ ಬಳಿ ಕೂತರು. "ಮೊಣಕಾಲು ಹಿಡ್ಕೊಳ್ಳುತ್ತೆ, ಎದ್ದು ಹೋಗೋಕೆ ಅನುಕೂಲ" ಅಂದರು. ಅದನ್ನು ನಂಬುವುದು ಸೌಂಡಣ್ಣನಿಗೂ ಅನುಕೂಲವೇ ಆಗಿತ್ತು, ನಂಬಿದ. ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅದಕ್ಕೆ ಬೇರೆ ಏನೋ ಕಾರಣವಿರಬೇಕು ಅಂದುಕೊಂಡ.

ಆಮೇಲೆ ನಾಲ್ಕೈದು ತಿಂಗಳಿಗೆ ಒಂದು ದೊಡ್ಡ ಬಯಲು ಕಾರ್ಯಕ್ರಮ ಬಂತು. ಅರವತ್ತು ದಾಟಿದ ಗಾಯಕಿ, ಸಂಜೆಯ ಬಿಸಿಲಿನ್ನೂ ಇರುವಾಗಲೇ ಮೈದಾನ ತುಂಬಿ ತುಳುಕುತ್ತಿತ್ತು. ಮೂರನೇ ಹಾಡಿಗೆ ಆಕೆಯ ಗಂಟಲು ಕೈಕೊಟ್ಟಿತು. ಆಕೆ ಮೈಕನ್ನು ಕೆಳಗಿಳಿಸಿ, "ನನ್ನ ಕೈಲಿ ಆಗ್ತಿಲ್ಲ. ನೀವೇ ಹಾಡ್ಕೊಳ್ಳಿ, ನಾನು ಕೇಳ್ತೀನಿ" ಅಂದರು.

ಜನ ಹಾಡತೊಡಗಿದರು. ಸೌಂಡಣ್ಣನ ಕೈ ಅಭ್ಯಾಸಬಲದಿಂದ ವಾದ್ಯಗಳ ಸದ್ದನ್ನು ಏರಿಸಲು ಹೋಯಿತು. ಪಕ್ಕದಲ್ಲಿದ್ದ ಹಿರಿಯ ಸೌಂಡ್ ಎಂಜಿನಿಯರ್, ಅವನಿಗೆ ಕೆಲಸ ಕಲಿಸಿದವರು, ಆ ಕೈಯನ್ನು ಹಿಡಿದುಕೊಂಡರು. ಒಂದೊಂದಾಗಿ ಎಲ್ಲವನ್ನೂ ಕೆಳಗಿಳಿಸಿದರು.

"ಅವರ ದನಿ ಅವರಿಗೇ ಕೇಳಿಸ್ಲಿ ಬಿಡೋ. ನಾವು ಜೋರು ಮಾಡಿದ್ರೆ ಅವರು ಸುಮ್ಮನಾಗ್ತಾರೆ."

ಅವರಿಬ್ಬರಿದ್ದ ಜಾಗದ ಸುತ್ತ ಕಟ್ಟಿದ್ದ ಕಟಕಟೆಯ ಆಚೆ, ಮೂರು ಮಾರು ದೂರದಲ್ಲಿ, ಕಚೇರಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ನೇತಾಡುತ್ತಿದ್ದ ಒಬ್ಬ ದಢೂತಿ ಗಂಡಸು ನಿಂತಿದ್ದ. ಅವನಿಗೆ ಎರಡನೇ ಚರಣ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗಿ, ಅವನಿಗೆ ಗುರುತು ಪರಿಚಯ ಇಲ್ಲದವಳು, ಪ್ರತಿ ಸಾಲನ್ನೂ ಮೊದಲು ಅವನ ಕಿವಿಗೆ ಹೇಳುತ್ತಿದ್ದಳು. ಅವನು ಅದನ್ನು ಕೇಳಿಸಿಕೊಂಡು, ತುಕ್ಕು ಹಿಡಿದ ಗೇಟು ತೆರೆದ ಹಾಗೆ, ಅರ್ಧ ಸಾಲು ಹಿಂದೆ ಹಾಡುತ್ತಿದ್ದ. ಯಾರೂ ನಗಲಿಲ್ಲ. ಅವನ ಹಿಂದಿನವರೂ ಅವನಿಗಾಗಿ ಸಾಲನ್ನು ಕೊಂಚ ಎಳೆದು ಹಾಡುತ್ತಿದ್ದರು.

ಸೌಂಡಣ್ಣನ ಕಿವಿ, ಕತ್ತು ಬಿಸಿಯಾದವು. ತಾನಾಡಿದ ಮಾತು, ಪರದೆ ಅಡ್ಡ ಹಿಡಿದ ಅತ್ತೆಯ ನಗು, ಎಲ್ಲವೂ ಕಣ್ಣ ಮುಂದೆ ಬಂದವು. ಅದು ನಗುವಾಗಿರಲಿಲ್ಲ ಎಂಬುದು ಅವನಿಗೆ ಆಗಲೂ ಗೊತ್ತಿತ್ತು.

ಆ ಭಾನುವಾರ ಅವನು ಸದ್ದು ಏರಿಸಿ ಇಳಿಸುವ ಮಿಕ್ಸರನ್ನು ಡ್ರಮ್ಮರ್‌ನ ಹೆಂಡತಿಗೆ ಒಪ್ಪಿಸಿ, ಕಡೇ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತ. ಹಾಡು ಶುರುವಾಯಿತು. ಎದೆ ನಡುಗುವಷ್ಟು ಸದ್ದು. ಮುಂದಿನ ಬೆಂಚಿನವನು ಫೋನು ನೋಡುತ್ತಿದ್ದ, ಅವನ ಹೆಂಡತಿ ವೇದಿಕೆಯನ್ನು ಟಿ.ವಿ. ನೋಡಿದ ಹಾಗೆ ನೋಡುತ್ತಿದ್ದಳು. ಹಾಡುತ್ತಿದ್ದವರು ಸ್ಪೀಕರಿನಲ್ಲಿದ್ದ ಐದು ಜನ ಮಾತ್ರ. ಅತ್ತೆ ಹಾಡಿನ ಸಾಲು ಮೂಡುತ್ತಿದ್ದ ಪರದೆಯ ಕಡೆ ನೋಡದೆ ಅಕ್ಕಪಕ್ಕದವರ ಬಾಯಿಯನ್ನೇ ನೋಡುತ್ತಿದ್ದರು.

ಹೊರಗೆ ಬರುವಾಗ ಕೇಳಿದ, "ಯಾಕೆ ಅತ್ತೆ, ಹಾಡಲೇ ಇಲ್ಲ?"

"ಯಾರ ಹಿಂದೆ ಹಾಡ್ಲಿ?" ಅಂದರು ಅತ್ತೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು. "ನನಗೆ ಅಕ್ಷರ ಬರಲ್ಲ, ಅಳಿಯಂದ್ರೇ. ಪಕ್ಕದವರು ಹಾಡಿದ್ದನ್ನ ಕೇಳಿಸ್ಕೊಂಡು ಹಾಡ್ತಿದ್ದೆ. ಈಗ ಸ್ಪೀಕರಿನ ಸದ್ದಲ್ಲಿ ಮಾತು ಬಿಡಿಸಿ ಕೇಳಲ್ಲ, ಪಕ್ಕದವರು ಹಾಡ್ತಿದ್ದಾರೋ ಇಲ್ಲವೋ ಅದೂ ತಿಳಿಯಲ್ಲ."

ಆರು ವರ್ಷ ಒಂದೇ ಮನೆಯಲ್ಲಿ ಊಟ ಮಾಡಿದ್ದವನಿಗೆ ಇದು ಗೊತ್ತಿರಲಿಲ್ಲ. ಮಗ್ಗಿ, ಅಳತೆ ಎಲ್ಲ ಅವರ ನಾಲಗೆಯ ತುದಿಯಲ್ಲಿರುತ್ತಿದ್ದವು. ಓದು ಬಾರದೆಂದು ಅನುಮಾನ ಬರುವುದಾದರೂ ಹೇಗೆ? ಮುಂದಿನ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಪಾಸ್ಟರ್ ಹತ್ತಿರ ಕೇಳಿ ಮೈಕು ಇಸಕೊಂಡ. ಅತ್ತೆಗೆ ಅಂದ ಮಾತನ್ನು ಹೇಳಿದ, ತಪ್ಪೊಪ್ಪಿಕೊಂಡ. "ಓದೋಕೆ ಬರದೇ ಇರೋ ಹಿರಿ ಜೀವವನ್ನ ಗೇಲಿ ಮಾಡ್ದೆ" ಅಂದ. ಕೆಲವರು ಕಣ್ಣೊರೆಸಿಕೊಂಡರು. ಕಡೇ ಬೆಂಚಿನಿಂದ ಅತ್ತೆ ಎದ್ದು, ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಹೋದರು.

ಮನೆಗೆ ಬಂದಾಗ ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಳು. "ಅಮ್ಮ ಜೀವಮಾನವಿಡೀ ಮುಚ್ಚಿಟ್ಕೊಂಡಿದ್ದು ಅದೊಂದೇ. ಕ್ಷಮೆ ಕೇಳೋಕೂ ನಿಮಗೆ ಮೈಕು ಬೇಕಾಯ್ತಾ?"

ಅವನಿಗೆ ನಿಂತಲ್ಲೇ ನೆಲ ಬಾಯ್ಬಿಡಬಾರದೇ ಅನಿಸಿತು. ತಪ್ಪೊಪ್ಪಿಕೊಳ್ಳುವಾಗ, ಕಣ್ಣೊರೆಸಿಕೊಂಡವರನ್ನು ಕಂಡು ಒಳಗೆಲ್ಲೋ ಹಿತವಾಗಿತ್ತು. ಅದು ನೆನಪಾಗಿ ಇನ್ನಷ್ಟು ಹೇಸಿಗೆಯಾಯಿತು. ಕಿಟಕಿಯ ಬಳಿ ಹೋಗಿ ಮೆಲ್ಲಗೆ, "ತಪ್ಪಾಯ್ತು ಅತ್ತೆ, ಎರಡು ಸಲ" ಅಂದ. ಅತ್ತೆ ತಲೆ ಎತ್ತದೆ, "ಆಯ್ತು ಬಿಡಿ" ಅಂದು ಯಂತ್ರ ತುಳಿಯತೊಡಗಿದರು.

ಎರಡು ಭಾನುವಾರ ಅವರು ಚರ್ಚಿಗೆ ಬರಲಿಲ್ಲ. ಆ ಎರಡು ವಾರ ಸೌಂಡಣ್ಣ ಸದ್ದನ್ನು ಅರ್ಧಕ್ಕಿಳಿಸಿದ, ಬೆಂಚುಗಳ ಮೇಲಿನ ದೀಪ ಹಾಕಿಸಿದ. ಹಾಡುಗಾರರು ಮುಖ ಗಂಟಿಕ್ಕಿದರು. ಪಾಸ್ಟರ್, "ಸಪ್ಪೆಯಾಯ್ತಲ್ವಾ?" ಅಂದರು. "ಇಷ್ಟು ದಿನ ಸಭೆಯ ಬಾಯಿ ಮುಚ್ಚಿಸಿದ್ದು ನಾನೇ, ಸ್ವಲ್ಪ ದಿನ ತಡ್ಕೊಳ್ಳಿ" ಅಂದ ಇವನು. ಅಲ್ಲೊಬ್ಬರು ಇಲ್ಲೊಬ್ಬರು, ಅಂಜುತ್ತಾ ಹಾಡತೊಡಗಿದ್ದರು.

ಮೂರನೇ ಭಾನುವಾರ ಬೆಳಿಗ್ಗೆ ಬೇಕರಿಯವರ ಅಮ್ಮ ಮನೆಗೇ ಬಂದರು. ಇಪ್ಪತ್ತು ವರ್ಷ ಎರಡನೇ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತವರು ಅವರು.

"ನಿನಗೆ ಓದು ಬರಲ್ಲ ಅಂತ ನಿನ್ನ ಅಳಿಯ ಹೇಳ್ಬೇಕಾ? ನನಗೆ ಮೊದಲನೇ ವಾರವೇ ಗೊತ್ತಾಗಿತ್ತು. ಹಿಂದಿನ ಬೆಂಚಿನವರಿಗೂ ಗೊತ್ತು. ಇಲ್ದಿದ್ರೆ ನಾವ್ಯಾಕೆ ಒಂದೊಂದು ಸಾಲೂ ಬಿಡಿಸಿ ಬಿಡಿಸಿ ಹಾಡ್ತಿದ್ವಿ? ಎದ್ದೇಳು, ಹೊತ್ತಾಯ್ತು."

ಅತ್ತೆ ಯಂತ್ರದ ಮೇಲಿದ್ದ ಬಟ್ಟೆಯನ್ನು ಮಡಿಸಿಟ್ಟರು. ಆಮೇಲೆ ಎದ್ದು ಮುಖ ತೊಳೆದುಕೊಂಡರು.

ಆ ದಿನ ಎರಡನೇ ಬೆಂಚಿನಿಂದ ಎರಡು ದನಿಗಳು ಒಂದರ ಹಿಂದೊಂದು ಬಂದವು. ನಿಧಾನವಾಗಿ ಸುತ್ತಲಿನವರೂ ಸೇರಿಕೊಂಡರು. ಅತ್ತೆಗಾಗಿ ಹೀಗೆ ಸಾಲು ಬಿಡಿಸಿ ಹಾಡುವುದನ್ನು ಅಷ್ಟೊಂದು ಜನ ಇಪ್ಪತ್ತು ವರ್ಷ ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದರು. ಕೇಳಿಸಿಕೊಳ್ಳುವುದೇ ಕಸುಬಾಗಿದ್ದ ತನಗೊಬ್ಬನಿಗೇ ಅದು ಕೇಳಿಸಿರಲಿಲ್ಲವಲ್ಲ ಎಂದು ಸೌಂಡಣ್ಣನಿಗೆ ತಲೆ ಎತ್ತಲಾಗಲಿಲ್ಲ. ಹಾಡು ಮುಗಿದ ಮೇಲೂ ಅವನು ಮಿಕ್ಸರನ್ನು ಮುಟ್ಟದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.