ಹೊಳೆಯ ಹಸಿ ಬಲೆ

ನಮ್ಮೂರಿನಲ್ಲಿ ಎಲ್ಲಿ ಬಾವಿ ತೋಡಿದರೂ ಸವಳು ನೀರೇ. ಅದರಲ್ಲಿ ಬೇಳೆ ಬೇಯುವುದಿಲ್ಲ, ಕುಡಿದರೆ ನೀರಡಿಕೆ ಹೋಗುವುದಿಲ್ಲ. ಕುಡಿಯಲು ಇರುವುದು ಒಂದೇ ಸಿಹಿನೀರಿನ ಕೆರೆ. ಅದು ಹೋದರೆ ಊರು ಬಿಟ್ಟು ಏಳಬೇಕು, ಅಷ್ಟೇ.

ಎಂಬತ್ಮೂರರ ಬೇಸಿಗೆಯ ಮಾತು. ಆ ಕೆರೆಯಲ್ಲಿ ಮೀನು ಹಿಡಿಯುವವನು ಮಾಶಾಕ. ಸಂತೆ ಬಂತೆಂದರೆ ಹೊಳೆದಂಡೆಯ ಊರಾದ ಕೊರ್ಲಹಳ್ಳಿಗೆ ಹೋಗಿ ಹೊಳೆಯಲ್ಲೂ ಬಲೆ ಬೀಸುತ್ತಿದ್ದ. ಬಿಸಿಲಿಗೆ ಮೀನು ಕೆಡಬಾರದೆಂದು ದಂಡೆಯಲ್ಲಿ ನೀರ ಮೇಲೆ ತೇಲುವ ಅಂತರಗಂಗೆ ಗಿಡ ಕಿತ್ತು ಬುಟ್ಟಿಗೆ ಹೊದಿಸುತ್ತಿದ್ದ. ಅದರ ದಪ್ಪ ದೇಟಿನ ತುಂಬ ನೀರು, ಮೀನು ತಣ್ಣಗಿರುತ್ತಿತ್ತು. ಮಾರಿ ಬಂದವನೇ ಬುಟ್ಟಿ, ಬಲೆ ಎರಡನ್ನೂ ನಮ್ಮ ಕೆರೆಯಲ್ಲಿ ಜಾಲಾಡುತ್ತಿದ್ದ. ಹೊಳೆಯ ನೀರು ಆರುವ ಮೊದಲೇ ಬಲೆ ಕೆರೆಗೆ ಮುಟ್ಟಿದರೆ ಮೀನು ಹೆಚ್ಚು ಬೀಳುತ್ತವೆ ಎಂಬುದು ಅವನ ಅಪ್ಪನ ಕಾಲದ ನಂಬಿಕೆ.

ಒಂದು ಸಂಜೆ ಮಾಶಾಕ ಬುಟ್ಟಿಯ ಎಲೆಗಳನ್ನು ಕೆರೆಗೆ ಕೊಡವುತ್ತಿದ್ದಾಗ ಅವನ ಗೆಳೆಯ ಕೊಟ್ರಪ್ಪ ಬಂದ. ಪರವೂರಿನವನು, ಮೊದಲು ಮೀನುಗಾರ, ಈಗ ಕಲ್ಲು ಒಡೆಯುತ್ತಾನೆ.

"ಮಾಶಾಕ, ಆ ಎಲಿ ಕೆರಿಗೆ ಒಗಿಬ್ಯಾಡಪಾ."

"ಬಾಡಿ ಹೋಗೇತಿ ಅದು. ಸತ್ತ ಎಲಿ ಏನ ಮಾಡತೈತಿ?"

"ಬಾಡೇತಿ, ಸತ್ತಿಲ್ಲ. ಬಲಿ ಗಂಟಿನಾಗ ಬುಡದ ಚೂರು ಉಳದರೂ ನೀರಾಗ ಬೇರು ಬಿಡತೈತಿ."

ಮಾಶಾಕ ನಕ್ಕ. "ಹೊಳಿ ದಂಡಿ ತುಂಬ ಐತಿ ಅದು. ಹೊಳಿಗೇನಾಗೇತಿ?"

"ಹೊಳಿ ಹರೀತೈತಿ, ಹೊತ್ತುಕೊಂಡು ಹೋಗತೈತಿ. ಕೆರಿ ನಿಂತ ನೀರು. ಅದು ಎಲ್ಲಿಗೆ ಹೋಗಬೇಕು?"

ನೀರಿಗೆ ಬಂದಿದ್ದ ಮಾಶಾಕನ ಹೆಂಡತಿ ಹಾಜಿರಾಬಿ ಕೇಳಿದಳು, "ನಿಮ್ಮೂರ ಕೆರಿಗೆ ಏನಾತಣ್ಣಾ?"

ಕೊಟ್ರಪ್ಪ ದಂಡೆಯ ಕಲ್ಲಿನ ಮೇಲೆ ಕೂತ.

"ಯಾರ ಬಲ್ಯಾಗ ಬಂತೋ, ಯಾರ ಬುಟ್ಯಾಗ ಬಂತೋ ಗೊತ್ತಿಲ್ಲವ್ವ. ಮೊದಲು ಒಂದು ಹಿಡಿ ಇತ್ತು. ಹೂವು ಚಂದ ಅದಾವಂತ ಬಿಟ್ವಿ. ಮಳಿಗಾಲ ಮುಗಿಯೂದ್ರಾಗ ನೀರ ಕಾಣದಂಗಾತು. ಮೀನು ಉಸಿರುಗಟ್ಟಿ ಸತ್ವು. ನಮ್ಮ ಗದಿಗೆವ್ವ ಗಿಡ ಸರಿಸಿ ನೀರು ತುಂಬಾಕ ಹೋದ್ಲು. ದಂಡಿ ಯಾವುದು, ನೀರು ಯಾವುದು ತಿಳಿಲಿಲ್ಲ. ಕಾಲಿಗೆ ಬೇರು ಸುತ್ತಿಕೊಂಡ್ವು. ಕೊಡ ತೇಲಿಬಂತು. ಆಕಿ ಸಿಗಾಕ ಮರುದಿನ ಆತು."

ಗದಿಗೆವ್ವ ಕೊಟ್ರಪ್ಪನ ಹೆಂಡತಿ. ಅವಳು ತೀರಿದ್ದು ಗೊತ್ತಿತ್ತು, ಹೇಗೆಂದು ಮಾಶಾಕ ಎಂದೂ ಕೇಳಿರಲಿಲ್ಲ. ಈಗ ಅವನಿಗೆ ತಲೆ ಎತ್ತಲಾಗಲಿಲ್ಲ.

ಹಾಜಿರಾಬಿ ಗಂಡನ ಕಡೆ ತಿರುಗಿದಳು. "ತೂಬಿನ ಹಂತೇಲಿ ಇಂಥಾ ಗಿಡ ನೋಡೀನಿ ನಾನು."

ಮೂವರೂ ಹೋಗಿ ನೋಡಿದರು. ತೂಬಿನ ಮಗ್ಗುಲಿಗೆ ಕಂಬಳಿ ಹಾಸಿದಷ್ಟು ಜಾಗದಲ್ಲಿ ಹಸಿರು. ಮಾಶಾಕ ಎದೆಮಟ್ಟ ಇಳಿದು ಒಂದು ಗಿಡ ಎಳೆದ. ತಾಯಿಯ ಹಿಂದೆ ಮರಿಗಳು ಸಾಲಾಗಿ ಬಂದವು.

"ಇದನ್ನ ನಾನ ತಂದೀನಿ," ಎಂದ.

ಮರುದಿನ ಊರಿನವರೆಲ್ಲ ಇಳಿದು ಬೇರುಸಹಿತ ಕಿತ್ತು, ದೂರ ಒಯ್ದು ಒಣಗಿಸಿ ಸುಟ್ಟರು. ಉಗುರಿನಲ್ಲಿ ಹೋಗುವುದನ್ನು ಹಾಗೇ ಬಿಟ್ಟರೆ ಮುಂದೆ ಕೊಡಲಿ ಬೇಕಾಗುವುದು ಇಂಥಲ್ಲೇ. ನಮ್ಮ ಪುಣ್ಯ, ಬೇಗ ಕಣ್ಣಿಗೆ ಬಿತ್ತು.

ಇನ್ನು ಮುಂದೆ ಬಲೆ ಒಣಗಿಸಿಯೇ ಕೆರೆಗೆ ಇಳಿಸುವುದೆಂದಾಯಿತು. ಆದರೂ ಮಾಶಾಕನ ಅಳುಕು ಹೋಗಿರಲಿಲ್ಲ. "ಒಣಗಿದ ಬಲಿಗೆ ಮೀನು ಬೀಳತಾವೋ ಇಲ್ಲೋ?"

"ಕೆರಿ ಉಳದ್ರ ಬೀಳತಾವು," ಎಂದಳು ಹಾಜಿರಾಬಿ. "ಕೆರಿ ಹೋದ್ರ ಹಸಿ ಬಲಿ ತಗೊಂಡು ಏನ ಮಾಡೂದೈತಿ?"

ಈಗ ಅವನು ಮೀನಿಗೆ ಒದ್ದೆ ಗೋಣಿತಟ್ಟು ಹೊದಿಸುತ್ತಾನೆ. ಬಲೆ ಬಿಸಿಲಿಗೆ ಗರಿಗರಿ ಒಣಗದೆ ಕೆರೆಗೆ ಇಳಿಯುವುದಿಲ್ಲ.

ಮೀನು ಹಿಡಿಯುವ ಅಣ್ಣತಮ್ಮಂದಿರೇ, ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಗುವ ಮುನ್ನ ಬಲೆಯ ಗಂಟು ಗಂಟು ಬಿಡಿಸಿ ನೋಡಿ. ಬುಟ್ಟಿ, ಹರಗೋಲು, ಗಾಳ ಯಾವುದನ್ನೂ ಬಿಡಬೇಡಿ. ಅಂಟಿದ ಗಿಡ ತೆಗೆದು ಒಣನೆಲಕ್ಕೆ ಹಾಕಿ. ಕೆರೆಯಿಂದ ದೂರ ನಿಂತು ತೊಳೆಯಿರಿ, ಬಿಸಿಲಿಗೆ ಪೂರ್ತಿ ಒಣಗಿಸಿ. ನಾಳೆ ಬೆಳಗ್ಗೆ ನಿಮ್ಮ ಮನೆಯ ಹೆಣ್ಣುಮಗಳು ಕೊಡ ಹಿಡಿದು ಆ ಕೆರೆಗೆ ಇಳಿಯುತ್ತಾಳೆ. ಅವಳಿಗೆ ಕಾಲಿಡುವ ಜಾಗ ಕಾಣಬೇಕು.